ಎತ್ತರಕ್ಕೆ ಹಾರದ ಆಟಗಾರ 41ರವರೆಗೆ ಆಡಿದ್ದು ಹೇಗೆ? ಅರ್ಜೆಂಟೀನಾದ ಒಂದು ಪ್ರಕರಣ

ಬ್ಯಾಸ್ಕೆಟ್‌ಬಾಲ್ ಆಡುವವರಿಗೆ 30 ದಾಟಿತು ಅಂದರೆ ಮಂಡಿ ನೋಯಲು ಶುರುವಾಗುತ್ತದೆ. 35ರ ಹೊತ್ತಿಗೆ ಹೆಚ್ಚಿನವರು ಶೂ ಕಳಚಿಟ್ಟಿರುತ್ತಾರೆ. ಈ ಬರಹದಲ್ಲಿ ಬರುವ ಅರ್ಜೆಂಟೀನಾದ ಆಟಗಾರ 39ರಲ್ಲಿ ವಿಶ್ವಕಪ್ ಫೈನಲ್ ಆಡಿದರು. 41ರಲ್ಲಿ ತಮ್ಮ ಐದನೇ ಒಲಿಂಪಿಕ್ಸ್ ಆಡಿದರು. ವಿಶೇಷ ಏನಂದರೆ, ಅವರು ಯಾವತ್ತೂ ವೇಗದ ಆಟಗಾರ ಅಂತ ಹೆಸರು ಮಾಡಿದವರಲ್ಲ. ರಿಂಗ್‌ಗಿಂತ ಮೇಲೆ ಹಾರಿ ಚೆಂಡು ಬಡಿಯುವುದೂ ಅವರ ಆಟ ಆಗಿರಲಿಲ್ಲ.

ಅವರ ಹೆಸರನ್ನಾಗಲಿ, ಅವರು ಆಡಿದ ಕ್ಲಬ್‌ಗಳ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಹೆಸರು ಬಂದ ಕೂಡಲೇ ನಾವೆಲ್ಲ ಪದಕ ಎಣಿಸಲು ಕೂರುತ್ತೇವೆ. ಈ ವೃತ್ತಿಜೀವನದಲ್ಲಿ ಕನಿಷ್ಠ ಮೂರು ಸಲ ಬಾಗಿಲು ಮುಚ್ಚಿತು. ಮೂರೂ ಸಲ ಅವರು ಏನು ಮಾಡಿದರು ಅನ್ನೋದನ್ನ ಹತ್ತಿರದಿಂದ ನೋಡಬೇಕು ಅನ್ನುವುದು ನನ್ನ ಆಸೆ.

ಹಿನ್ನೆಲೆ

ಅರ್ಜೆಂಟೀನಾ ಅಂದರೆ ಎಲ್ಲರಿಗೂ ಫುಟ್‌ಬಾಲ್ ನೆನಪಾಗುತ್ತದೆ. ಆದರೆ ಪುರುಷರ ಬ್ಯಾಸ್ಕೆಟ್‌ಬಾಲ್‌ನ ಮೊಟ್ಟಮೊದಲ ವಿಶ್ವಚಾಂಪಿಯನ್ ಅದೇ ದೇಶ. 1950ರಲ್ಲಿ ಬ್ಯೂನಸ್ ಐರಿಸ್‌ನಲ್ಲೇ ನಡೆದ ಟೂರ್ನಿಯಲ್ಲಿ ಅವರು ಗೆದ್ದಿದ್ದರು. 1955ರಲ್ಲಿ ಅಧ್ಯಕ್ಷ ಪೆರೋನ್ ಅವರ ಸರ್ಕಾರ ಉರುಳಿತು. ಆಮೇಲೆ ಬಂದ ಆಡಳಿತ, ಹವ್ಯಾಸಿಗಳಾಗಿರಬೇಕಾದವರು ದುಡ್ಡು ತಗೊಂಡಿದ್ದಾರೆ ಅಂತ ಆ ಚಾಂಪಿಯನ್ ಆಟಗಾರರನ್ನೇ ನಿಷೇಧಿಸಿತು. ಒಂದು ಇಡೀ ತಲೆಮಾರಿನ ಆಟ ಹಾಗೆ ನಿಂತುಹೋಯಿತು.

ಮತ್ತೆ ಜೀವ ಬಂದದ್ದು 1985ರಲ್ಲಿ. ಲಿಯೋನ್ ನಜ್ನುಡೆಲ್ ಎಂಬ ಕೋಚ್ ಹಟ ಹಿಡಿದು ರಾಷ್ಟ್ರೀಯ ಲೀಗ್ ಶುರು ಮಾಡಿಸಿದರು. ಅಲ್ಲಿಯವರೆಗೆ ದುಡ್ಡು, ಹೆಸರು, ಪಂದ್ಯ ಎಲ್ಲ ರಾಜಧಾನಿಯ ಸುತ್ತಲೇ ಇದ್ದವು. ಲೀಗ್ ಬಂದ ಮೇಲೆ ಒಳನಾಡಿನ ಊರುಗಳ ಕ್ಲಬ್‌ಗಳು ರಾಜಧಾನಿಯ ಕ್ಲಬ್‌ಗಳ ಜೊತೆ ಸಮಸಮವಾಗಿ ಆಡತೊಡಗಿದವು. ಅರ್ಜೆಂಟೀನಾದ ಹೆಸರಾಂತ ಆಟಗಾರ ಮನು ಜಿನೋಬಿಲಿ ಬಂದ ಬಾಹಿಯಾ ಬ್ಲಾಂಕಾ ಅಂಥದ್ದೇ ಒಂದು ಊರು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ಚಿನ್ನ ಗೆದ್ದ ಹುಡುಗರು ಈ ಲೀಗಿನ ಮಡಿಲಲ್ಲೇ ಬೆಳೆದವರು.

ನಮ್ಮ ಆಟಗಾರ ಹುಟ್ಟಿದ್ದು 1980ರಲ್ಲಿ, ಬ್ಯೂನಸ್ ಐರಿಸ್ ನಗರದಲ್ಲಿ. ಲೀಗ್ ಶುರುವಾದಾಗ ಐದು ವರ್ಷದ ಮಗು. ಅರ್ಜೆಂಟೀನಾದಲ್ಲಿ ಬಡಾವಣೆಗೊಂದು ಕ್ಲಬ್ ಇರುತ್ತದೆ. ಒಂದೇ ಗೇಟಿನೊಳಗೆ ಫುಟ್‌ಬಾಲ್ ಮೈದಾನ, ಈಜುಕೊಳ, ಬ್ಯಾಸ್ಕೆಟ್‌ಬಾಲ್ ಅಂಗಣ. ಮಕ್ಕಳು ಶಾಲೆ ಮುಗಿಸಿ ಅಲ್ಲಿಗೇ ಹೋಗುತ್ತಾರೆ, ಅಪ್ಪ ಅಮ್ಮನೂ ಸಂಜೆ ಅಲ್ಲೇ ಸೇರುತ್ತಾರೆ. ಅಂಥ ಒಂದು ಕ್ಲಬ್‌ನಿಂದ 15ನೇ ವಯಸ್ಸಿಗೆ ಅವರು ದೇಶದ ದೊಡ್ಡ ಲೀಗಿಗೆ ಬಂದರು.

18ಕ್ಕೆ ಸ್ಪೇನ್. ಅವರನ್ನು ಕರೆಸಿಕೊಂಡ ಕ್ಲಬ್ ದೊಡ್ಡದು. ಅಲ್ಲೇ ಇದ್ದಿದ್ದರೆ ಬೆಂಚಿನ ಮೇಲೆ ಕೂತು ಟವೆಲ್ ಬೀಸುವುದೇ ಜಾಸ್ತಿ ಆಗುತ್ತಿತ್ತು. ಹಾಗಾಗಿ ಎರಡು ವರ್ಷ ಉತ್ತರ ಸ್ಪೇನಿನ ಕರಾವಳಿಯ ಚಿಕ್ಕ ಕ್ಲಬ್ ಒಂದಕ್ಕೆ ಎರವಲು ಹೋದರು. ಇದನ್ನು ಯಾರೂ ದೊಡ್ಡ ತಿರುವು ಅಂತ ಹೇಳುವುದಿಲ್ಲ. ನನಗೆ ಮಾತ್ರ ಇದು ಬಹಳ ಮುಖ್ಯ ಅನ್ನಿಸುತ್ತದೆ. ಆ ವಯಸ್ಸಿನಲ್ಲಿ ದೊಡ್ಡ ಜರ್ಸಿಗಿಂತ ಆಟದ ನಿಮಿಷಗಳು ಬೆಲೆ ಬಾಳುತ್ತವೆ. 2000ದಲ್ಲಿ ದೊಡ್ಡ ಕ್ಲಬ್‌ಗೆ ವಾಪಸ್ ಬಂದಾಗ ಅವರು ಕಲಿಯುವ ಹುಡುಗನಾಗಿ ಉಳಿದಿರಲಿಲ್ಲ. 2001ರಲ್ಲಿ ಆ ಕ್ಲಬ್, ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಯೂರೋಲೀಗ್‌ನ ಫೈನಲ್ ಆಡಿತು. 2002ರಲ್ಲಿ ಸ್ಪೇನಿನ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು.

ಮೊದಲ ಬಾಗಿಲು: ಕೈಗೆ ಬಂದ ತುತ್ತು

2002ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಅವರ ಹೆಸರು ಬಂತು. ಎರಡನೇ ಸುತ್ತಿನ ಕೊನೆಯಲ್ಲಿ, ಇನ್ನೇನು ಪಟ್ಟಿ ಮುಗಿಯಿತು ಅನ್ನುವಾಗ. ಆಯ್ಕೆ ಮಾಡಿದ ತಂಡ ಆ ಕಾಲದ ಅತ್ಯುತ್ತಮ ತಂಡಗಳಲ್ಲಿ ಒಂದು. ಯುರೋಪಿನಲ್ಲಿ ಆಡುವ ಹುಡುಗರನ್ನು ಹುಡುಕಿ ತರುವುದರಲ್ಲಿ ಅದು ಎತ್ತಿದ ಕೈ.

ಇಲ್ಲಿ ಡ್ರಾಫ್ಟ್ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಗೊತ್ತಿರಬೇಕು. ಒಂದು ತಂಡ ನಿಮ್ಮನ್ನು ಆಯ್ಕೆ ಮಾಡಿದರೆ, ಎನ್‌ಬಿಎಯಲ್ಲಿ ನಿಮ್ಮ ಜೊತೆ ಮಾತಾಡುವ ಹಕ್ಕು ಆ ತಂಡಕ್ಕೆ ಮಾತ್ರ. ಬೇರೆ ತಂಡಕ್ಕೆ ನೀವು ಎಷ್ಟೇ ಇಷ್ಟವಾದರೂ ಪ್ರಯೋಜನ ಇಲ್ಲ. ಇತ್ತ ಸ್ಪೇನಿನ ಕ್ಲಬ್ ಜೊತೆ ಕರಾರು ಇನ್ನೂ ಇತ್ತು. ಅದನ್ನು ಮುರಿಯಬೇಕಾದರೆ ಹಲವು ದಶಲಕ್ಷ ಡಾಲರ್ ಕಟ್ಟಬೇಕು. ಎನ್‌ಬಿಎ ನಿಯಮದ ಪ್ರಕಾರ ಅದರಲ್ಲಿ ಅಮೆರಿಕದ ತಂಡ ಕೊಡಬಹುದಾಗಿದ್ದದ್ದು ಸುಮಾರು 5 ಲಕ್ಷ ಡಾಲರ್ ಮಾತ್ರ. ಉಳಿದದ್ದು ಆಟಗಾರನ ಜೇಬಿನಿಂದಲೇ ಬರಬೇಕು.

ಹೀಗೆ ಎರಡು ಕಡೆಯಿಂದ ಹಗ್ಗ. ನಡುವೆ ಒಬ್ಬ ಮನುಷ್ಯ.

2004ರ ಅಥೆನ್ಸ್ ಫೈನಲ್‌ನಲ್ಲಿ ಇಟಲಿ ವಿರುದ್ಧ ಅವರು 25 ಅಂಕ, 11 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿಯುವುದು) ಮಾಡಿದರು. ಅರ್ಜೆಂಟೀನಾ 84–69ರಿಂದ ಗೆದ್ದಿತು. 2004–05ರ ಸೀಸನ್‌ನಲ್ಲಿ ಸ್ಪೇನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು. ಇನ್ನು ಅಮೆರಿಕಕ್ಕೆ ಹೋಗುವುದಷ್ಟೇ ಬಾಕಿ ಅಂತ ಎಲ್ಲರೂ ಅಂದುಕೊಂಡರು. 2005ರಲ್ಲಿ ಮಾತುಕತೆ ನಡೆಯಿತು, ಮುರಿದುಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಲಿಂಪಿಕ್ ಚಿನ್ನ ಗೆದ್ದ ಜೊತೆಗಾರರು ಒಬ್ಬೊಬ್ಬರಾಗಿ ಎನ್‌ಬಿಎಗೆ ಹೋಗುತ್ತಿದ್ದರು. ಇವರು 25ನೇ ವಯಸ್ಸಿನಲ್ಲಿ ಅದೇ ಊರಿಗೆ, ಅದೇ ಕ್ಲಬ್‌ಗೆ, ಅದೇ ಲಾಕರ್‌ಗೆ ವಾಪಸ್.

ಇಲ್ಲಿ ಏನೇನು ಮಾಡಬಹುದಿತ್ತು? ಮುನಿಸಿಕೊಂಡು ಅರೆಮನಸ್ಸಿನಿಂದ ಆಡಬಹುದಿತ್ತು. ಕ್ಲಬ್ ಬೇಸತ್ತು ಬಿಡಲಿ ಅಂತ ಕಾಯಬಹುದಿತ್ತು. ಇಂಥ ಉದಾಹರಣೆ ಎಲ್ಲ ಆಟದಲ್ಲೂ ಇವೆ, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಮುಂದಿನ ಎರಡು ವರ್ಷವನ್ನು ತಮ್ಮ ಆಟವನ್ನು ಇನ್ನಷ್ಟು ಹರಿತ ಮಾಡಿಕೊಳ್ಳಲು ಬಳಸಿದರು. 2006–07ರಲ್ಲಿ ಅದೇ ಪ್ರಶಸ್ತಿ ಎರಡನೇ ಸಲ ಬಂತು.

ಆ ಆಟ ಯಾವುದು ಅಂತ ಒಂದು ಸಲ ನಿಧಾನವಾಗಿ ನೋಡೋಣ. ಇವರ ಇಡೀ ಬಂಡವಾಳ ಅದೇ.

ರಿಂಗ್‌ಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಎದುರಾಳಿಯ ಎದೆ ಅವರ ಬೆನ್ನಿಗೆ ಒತ್ತಿಕೊಂಡಿರುತ್ತದೆ. ಚೆಂಡು ಕೈಗೆ ಬರುತ್ತದೆ. ಅವಸರ ಇಲ್ಲ. ಎಡ ಭುಜ ಒಂದಿಷ್ಟು ಬಾಗುತ್ತದೆ, ಎಡಕ್ಕೆ ಹೋಗುವವರ ಹಾಗೆ. ಎದುರಾಳಿಯ ತೂಕ ಆ ಕಡೆ ಜಾರುತ್ತದೆ. ಅಷ್ಟರಲ್ಲಿ ಇವರು ಒಂದು ಕಾಲನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ಇಟ್ಟು, ಬಲಕ್ಕೆ ತಿರುಗಿ ರಿಂಗ್‌ಗೆ ಮುಖ ಮಾಡಿರುತ್ತಾರೆ. ಚೆಂಡನ್ನು ಹಣೆಯ ಮೇಲಕ್ಕೆ ಎತ್ತುತ್ತಾರೆ. ಎದುರಾಳಿ ಹಾರುತ್ತಾನೆ. ಇವರ ಪಾದ ಮಾತ್ರ ನೆಲ ಬಿಟ್ಟಿರುವುದಿಲ್ಲ. ಹಾರಿದವನ ಕೈಯ ಕೆಳಗಿಂದ ತಲೆ ತೂರಿಸಿ, ಒಂದು ಹೆಜ್ಜೆ ಇಟ್ಟು, ಚೆಂಡನ್ನು ಮೆಲ್ಲಗೆ ಬೋರ್ಡ್‌ಗೆ ತಾಗಿಸುತ್ತಾರೆ. ಹಾರಿದವನು ನೆಲಕ್ಕೆ ಬರುವಷ್ಟರಲ್ಲಿ ಚೆಂಡು ಬಲೆಯಲ್ಲಿ.

ನಮ್ಮ ಗರಡಿಮನೆಯಲ್ಲಿ ಪಟ್ಟು ಅನ್ನುತ್ತಾರಲ್ಲ, ಅದೇ ಇದು. ಬಲಕ್ಕಿಂತ ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ ಅನ್ನುವ ಲೆಕ್ಕ ಮುಖ್ಯ. ಇಂಥ ಆಟ ವಯಸ್ಸಿನ ಜೊತೆ ಕರಗಿ ಹೋಗುವುದಿಲ್ಲ. ಹಾರುವ ಆಟಗಾರನಿಗೆ 32ಕ್ಕೆ ಎರಡು ಇಂಚು ಕಡಿಮೆಯಾದರೆ ಅರ್ಧ ಆಟವೇ ಹೋಯಿತು. ಪಾದದಲ್ಲಿ ಆಟ ಇಟ್ಟುಕೊಂಡವನಿಗೆ ಅಷ್ಟು ನಷ್ಟ ಇಲ್ಲ.

2007ರ ಜುಲೈನಲ್ಲಿ ಅವರ ಹಕ್ಕು ಇನ್ನೊಂದು ಎನ್‌ಬಿಎ ತಂಡಕ್ಕೆ ವರ್ಗವಾಯಿತು. ಕೊನೆಗೂ ಕರಾರು ಕುದುರಿತು. 27ನೇ ವಯಸ್ಸಿನಲ್ಲಿ ಅವರು ಎನ್‌ಬಿಎಯಲ್ಲಿ ಹೊಸಬರು. ಆ ಸೀಸನ್‌ನಲ್ಲಿ ತಂಡ ಸತತ 22 ಪಂದ್ಯ ಗೆದ್ದಿತು. ನಡುವೆ ತಂಡದ ದೊಡ್ಡ ಆಟಗಾರ ಗಾಯಗೊಂಡು ಹೊರಬಿದ್ದಾಗಲೂ ಆ ಓಟ ನಿಲ್ಲಲಿಲ್ಲ. ವರ್ಷದ ಅತ್ಯುತ್ತಮ ಹೊಸಬರ ಮೊದಲ ತಂಡದಲ್ಲಿ ಇವರಿಗೆ ಜಾಗ ಸಿಕ್ಕಿತು. 2010ರ ಮಾರ್ಚ್‌ನಲ್ಲಿ ಒಂದೇ ಪಂದ್ಯದಲ್ಲಿ 44 ಅಂಕ ಹೊಡೆದರು.

ಐದು ವರ್ಷ ತಡವಾದದ್ದು ನಷ್ಟವೋ ಲಾಭವೋ? ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ದುಡ್ಡಿನ ಲೆಕ್ಕದಲ್ಲಿ ನಷ್ಟವೇ. ಆದರೆ 22ಕ್ಕೇ ಹೋಗಿದ್ದರೆ ಅಷ್ಟು ಬಲಿಷ್ಠ ತಂಡದಲ್ಲಿ ಪಂದ್ಯಕ್ಕೆ ಎಂಟು ನಿಮಿಷ ಆಟ ಸಿಕ್ಕಿದ್ದರೆ ಹೆಚ್ಚು. ಸ್ಪೇನಿನಲ್ಲಿ ಅವರು ಪಂದ್ಯದ ಕೊನೆಯ ಚೆಂಡು ಯಾರ ಕೈಗೆ ಹೋಗುತ್ತದೋ ಆ ಆಟಗಾರನಾಗಿ ಬೆಳೆದರು. ಆಮೇಲೆ ದೇಶದ ತಂಡಕ್ಕೆ ಬೇಕಾದದ್ದೂ ಅದೇ.

ಎರಡನೇ ಬಾಗಿಲು: ಲೆಕ್ಕದ ಪುಸ್ತಕ

2012ರಲ್ಲಿ ಅವರಿಗೆ 32. ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಆಟಗಾರರ ಒಟ್ಟು ಸಂಬಳಕ್ಕೆ ಎನ್‌ಬಿಎ ಹಾಕಿದ್ದ ಮಿತಿಯಲ್ಲಿ ತಂಡಕ್ಕೆ ಜಾಗ ಬೇಕಿತ್ತು. ಲೀಗ್ ಮತ್ತು ಆಟಗಾರರ ನಡುವಿನ ಆಗಿನ ಹೊಸ ಒಪ್ಪಂದದಲ್ಲಿ ಒಂದು ದಾರಿ ಇತ್ತು. ಪ್ರತಿ ತಂಡ ಒಬ್ಬ ಆಟಗಾರನನ್ನು ಕೈಬಿಡಬಹುದು, ಅವನ ಸಂಬಳ ಕೊಟ್ಟರೂ ಅದು ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಆ ಒಬ್ಬ ಇವರೇ ಆದರು. ಹರಾಜಿನ ಹಾಗೆ ಬೇರೆ ತಂಡಗಳು ಬಿಡ್ ಹಾಕಿದವು, ಹೆಚ್ಚು ಕೂಗಿದ ತಂಡ ಕರೆದುಕೊಂಡಿತು. ಮರುವರ್ಷ ಮತ್ತೊಂದು ತಂಡಕ್ಕೆ ಮಾರಾಟ. ಅಲ್ಲಿ ಬೆಂಚಿನಿಂದ ಬರುವ ಪಾತ್ರ.

ಅದೇ ಹೊತ್ತಿಗೆ ಆಟವೇ ಬದಲಾಗುತ್ತಿತ್ತು. ದೊಡ್ಡ ಆಟಗಾರರು ರಿಂಗ್ ಹತ್ತಿರ ಬೆನ್ನು ಹಾಕಿ ನಿಲ್ಲುವುದು ಹಳೆಯ ಕಾಲದ್ದು ಅನ್ನಿಸಿಕೊಂಡಿತು. ಎಲ್ಲರೂ ಮೂರು ಅಂಕದ ಗೆರೆಯಾಚೆ ನಿಂತು ಹೊಡೆಯಬೇಕು. ಇವರು ಎಂಟು ಸೀಸನ್ ಎನ್‌ಬಿಎ ಆಡಿದ್ದರೂ ಆ ಗೆರೆಯಾಚೆಯಿಂದ ಹೊಡೆದದ್ದು ಬಹಳ ಅಪರೂಪ. ಅವರ ಬಂಡವಾಳಕ್ಕೆ ಪೇಟೆಯಲ್ಲಿ ಬೆಲೆ ಇಳಿದುಹೋಗಿತ್ತು.

35ನೇ ವಯಸ್ಸಿನಲ್ಲಿ ಅವರು ಹೊಸ ಪಾಠ ಕಲಿತರು. 2015ರಲ್ಲಿ ಎನ್‌ಬಿಎಯಲ್ಲೇ ಆಡುವ ಕೆನಡಾದ ತಂಡಕ್ಕೆ ಹೋದಾಗ ಅವರು ಅಂಗಣದ ಮೂಲೆಯಲ್ಲಿ ನಿಂತು ಮೂರು ಅಂಕದ ಹೊಡೆತ ಹೊಡೆಯತೊಡಗಿದರು. ಎನ್‌ಬಿಎಯಲ್ಲಿ ಆ ಗೆರೆ ರಿಂಗ್ ಮುಂದುಗಡೆ 7.24 ಮೀಟರ್ ದೂರ, ಮೂಲೆಯಲ್ಲಿ ಸುಮಾರು 6.70 ಮೀಟರ್. ಕೇಳಲು ಅರ್ಧ ಮೀಟರ್ ವ್ಯತ್ಯಾಸ, ಕೈಗೆ ಅದು ಬಹಳ. ಅಂತರರಾಷ್ಟ್ರೀಯ ಪಂದ್ಯಗಳ ಗೆರೆಯೂ 6.75 ಮೀಟರ್. ಅಂದರೆ ಆ ಮೂಲೆಯಲ್ಲಿ ಕಲಿತದ್ದು ನೇರವಾಗಿ ದೇಶದ ತಂಡಕ್ಕೂ ಉಪಯೋಗಕ್ಕೆ ಬರುತ್ತದೆ. ಆ ಸೀಸನ್‌ನಲ್ಲಿ ಅವರ ಮೂರು ಅಂಕದ ಹೊಡೆತಗಳಲ್ಲಿ ಶೇಕಡಾ 40ರಷ್ಟು ಬುಟ್ಟಿಗೆ ಬಿದ್ದವು. ಆ ಹೊಡೆತದಿಂದಲೇ ಜೀವನ ಮಾಡುವವರೂ ಇಷ್ಟಕ್ಕೆ ಖುಷಿಪಡುತ್ತಾರೆ.

ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಇಷ್ಟವಾದ ನಿರ್ಧಾರ ಇದೇ. ಒಲಿಂಪಿಕ್ ಚಿನ್ನ ಕೊರಳಲ್ಲಿದ್ದ ಮನುಷ್ಯ, ಖಾಲಿ ಅಂಗಣದಲ್ಲಿ ನಿಂತು, ಹುಡುಗರು ಕಲಿಯುವ ಪಾಠವನ್ನು ಮೊದಲಿನಿಂದ ಕಲಿಯಬೇಕು. ಮೊಣಕೈ ಎಲ್ಲಿರಬೇಕು, ಮಂಡಿ ಎಷ್ಟು ಬಾಗಬೇಕು. ನಾನು ಹೀಗೇ ಆಡೋದು, ಬೇಕಾದ್ರೆ ಇಟ್ಕೊಳ್ಳಿ ಅನ್ನುವ ಹಕ್ಕು ಅವರಿಗೆ ಇತ್ತು. ಆ ಹಕ್ಕನ್ನು ಬಳಸಲಿಲ್ಲ. ಹಳೆಯ ಪಟ್ಟುಗಳನ್ನು ಬಿಡಲೂ ಇಲ್ಲ. ಅದೇ 2015ರಲ್ಲಿ ಮೆಕ್ಸಿಕೋದಲ್ಲಿ ನಡೆದ ಅಮೆರಿಕ ಖಂಡಗಳ ಚಾಂಪಿಯನ್‌ಶಿಪ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ ಅವರೇ. ಆ ಟೂರ್ನಿಯಲ್ಲಿ ಆ ಗೌರವ ಅವರಿಗೆ ನಾಲ್ಕನೇ ಸಲ.

ನಡುವೆ ಅಂಗಣದಾಚೆಯ ಒಂದು ವಿಷಯವನ್ನೂ ಹೇಳಬೇಕು. 2014ರ ವಿಶ್ವಕಪ್‌ಗೆ ಮುಂಚೆ ಅರ್ಜೆಂಟೀನಾದ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಹಣಕಾಸು ಹದಗೆಟ್ಟಿತ್ತು. ನಾಯಕನಾಗಿ ಇವರು ಆಟಗಾರರನ್ನು ಜೊತೆಗಿಟ್ಟುಕೊಂಡು ಬಹಿರಂಗವಾಗಿ ಪ್ರಶ್ನೆ ಕೇಳಿದರು. ಒಕ್ಕೂಟದ ಆಡಳಿತ ಬದಲಾಯಿತು. ಸುಮ್ನೆ ಬಂದು ಆಡಿ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಆಗ 34, ಇನ್ನೆಷ್ಟು ಟೂರ್ನಿ ಅಂತ ಗೊತ್ತಿಲ್ಲ. ಲಾಭ ಸಿಗುವುದು ಮುಂದೆ ಬರುವ ಹುಡುಗರಿಗೆ. ಆ ಹುಡುಗರು ಯಾರು ಅನ್ನೋದು ಐದು ವರ್ಷದ ಮೇಲೆ ಎಲ್ಲರಿಗೂ ಗೊತ್ತಾಯಿತು.

ಮೂರನೇ ಬಾಗಿಲು: ವಯಸ್ಸು

2017ರ ಫೆಬ್ರವರಿಯಲ್ಲಿ ಅವರ ಕೊನೆಯ ಎನ್‌ಬಿಎ ತಂಡ ಅವರನ್ನು ಬಿಟ್ಟಿತು. ಹತ್ತು ಸೀಸನ್ ಆಗಿತ್ತು. ಅಲ್ಲಿಂದ ಚೀನಾ ಲೀಗಿಗೆ ಹೋದರು. ಇನ್ನು ಪಿಂಚಣಿ ಕಾಲ ಅಂತ ಅನ್ನಿಸುವುದು ಸಹಜ. ಆದರೆ ಚೀನಾ ಲೀಗ್ ಎನ್‌ಬಿಎಗಿಂತ ಬೇಗ ಮುಗಿಯುತ್ತದೆ. ದೇಶದ ತಂಡದ ಟೂರ್ನಿಗಳು ಬರುವುದು ಜುಲೈ ನಂತರ. ನಡುವೆ ದೇಹ ಸರಿಮಾಡಿಕೊಳ್ಳಲು ತಿಂಗಳುಗಟ್ಟಲೆ ಸಮಯ. ಅಂಕಣ ಬರೆಯುವವರಿಗೆ ಕಾಣದ ಲೆಕ್ಕ ಇದು.

2019ರ ವಿಶ್ವಕಪ್ ಚೀನಾದಲ್ಲಿ. ಅಷ್ಟರಲ್ಲಿ 2004ರ ಚಿನ್ನದ ತಂಡದ ಉಳಿದವರೆಲ್ಲ ತಂಡ ಬಿಟ್ಟಿದ್ದರು. ಇವರೊಬ್ಬರೇ ಉಳಿದಿದ್ದರು. ಆ ವರ್ಷದ ಅರ್ಜೆಂಟೀನಾ ತಂಡದಲ್ಲಿ ಎನ್‌ಬಿಎ ಆಟಗಾರ ಒಬ್ಬರೂ ಇರಲಿಲ್ಲ.

ಚೀನಾ ಸೀಸನ್ ಮುಗಿದ ಮೇಲೆ ಅವರಿಗೆ ಕ್ಲಬ್ ಇರಲಿಲ್ಲ. ಬ್ಯೂನಸ್ ಐರಿಸ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿರುವ ತಮ್ಮ ಜಮೀನಿಗೆ ಹೋದರು. ಟೂರ್ನಿಗೆ ತಯಾರಿ ನಡೆದದ್ದು ಅಲ್ಲಿ. ದಕ್ಷಿಣ ಗೋಳದಲ್ಲಿ ಜೂನ್, ಜುಲೈ ಅಂದರೆ ಚಳಿಗಾಲ. ಬಯಲು ಸೀಮೆ, ತಣ್ಣನೆ ಗಾಳಿ. ಜನ ಇಲ್ಲ, ಕ್ಯಾಮೆರಾ ಇಲ್ಲ, ಸಂಬಳ ಕೊಡುವ ಕ್ಲಬ್ಬೂ ಇಲ್ಲ. 39 ವರ್ಷದ ಒಬ್ಬರು ಬೆಳಿಗ್ಗೆ ಎದ್ದು ಓಡುತ್ತಿದ್ದಾರೆ. ಯಾರಾದರೂ ದೂರದಿಂದ ನೋಡಿದ್ದರೆ ಇದೆಲ್ಲ ಯಾಕೆ ಅಂತ ಕೇಳುತ್ತಿದ್ದರು.

ಫಲ ಬೇಗ ಸಿಕ್ಕಿತು. ಆಗಸ್ಟ್‌ನಲ್ಲಿ ಲಿಮಾದಲ್ಲಿ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಚಿನ್ನ. ಸೆಪ್ಟೆಂಬರ್‌ನಲ್ಲಿ ವಿಶ್ವಕಪ್. ಸೆರ್ಜಿಯೋ ಹೆರ್ನಾಂಡಿಸ್ ಕೋಚ್. ಕ್ವಾರ್ಟರ್ ಫೈನಲ್‌ನಲ್ಲಿ ಎನ್‌ಬಿಎ ತಾರೆ ನಿಕೋಲ ಯೋಕಿಚ್ ಇದ್ದ ಸರ್ಬಿಯಾವನ್ನು 97–87ರಿಂದ ಸೋಲಿಸಿದರು. ಸೆಮಿಫೈನಲ್ ಎದುರಾಳಿ ಫ್ರಾನ್ಸ್, ಅಮೆರಿಕವನ್ನು ಮನೆಗೆ ಕಳಿಸಿ ಬಂದ ತಂಡ. ಅಲ್ಲಿ 80–66. ಆ ದಿನ ನಮ್ಮ ಆಟಗಾರ 28 ಅಂಕ, 13 ರಿಬೌಂಡ್. ಪಾದದ ಪಟ್ಟುಗಳು ಹಳೆಯವು, ಗೆರೆಯಾಚೆಯ ಹೊಡೆತ ಹೊಸದು. ದೊಡ್ಡ ಆಟಗಾರ ಅವರನ್ನು ಹಿಂಬಾಲಿಸಿ ಹೊರಗೆ ಬರಬೇಕು. ಬಂದರೆ ರಿಂಗ್ ಹತ್ತಿರ ಜಾಗ ಖಾಲಿ. ಬರದಿದ್ದರೆ ಮೂರು ಅಂಕ.

ಫೈನಲ್‌ನಲ್ಲಿ ಸ್ಪೇನ್ ಇದಕ್ಕೆ ಉತ್ತರ ಕಂಡುಕೊಂಡಿತು. ಅವರಿಗೆ ಚೆಂಡು ಬರುವ ದಾರಿಯನ್ನೇ ಕಟ್ಟಿಹಾಕಿತು. ಅವರ ಅಂಕ 8ಕ್ಕೆ ನಿಂತಿತು. ಸ್ಪೇನ್ 95, ಅರ್ಜೆಂಟೀನಾ 75. ಹೀಗಾಗಿ ಬೆಳ್ಳಿ. ಟೂರ್ನಿಯ ಶ್ರೇಷ್ಠ ಐವರಲ್ಲಿ ಅವರ ಹೆಸರಿತ್ತು. 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಇದೇ ಟೂರ್ನಿಯ ಬೆಳ್ಳಿ ಗೆದ್ದಾಗ ಅವರಿಗೆ 22.

ಏನು ಕಲಿಯಬಹುದು, ಏನು ಕಲಿಯಲಾಗದು

ಇದನ್ನು ಓದಿ ಕಷ್ಟಪಟ್ಟರೆ ಎಲ್ಲರೂ 41ರವರೆಗೆ ಆಡಬಹುದು ಅಂದರೆ ತಪ್ಪಾಗುತ್ತದೆ. ಅವರ ಎತ್ತರ 2.06 ಮೀಟರ್. ವೃತ್ತಿ ಮುಗಿಸಿಬಿಡುವಂಥ ಗಾಯ ಅವರಿಗೆ ಆಗಲಿಲ್ಲ. ಇದು ಅದೃಷ್ಟ. ಕ್ಲಬ್ ಇಲ್ಲದೆ ತಿಂಗಳುಗಟ್ಟಲೆ ಸ್ವಂತ ಖರ್ಚಿನಲ್ಲಿ ತಯಾರಾಗಲು ಅವರ ಕೈಯಲ್ಲಿ ಎನ್‌ಬಿಎಯ ಗಳಿಕೆ ಇತ್ತು. ಅರ್ಜೆಂಟೀನಾದ ಎರಡನೇ ದರ್ಜೆ ಲೀಗಿನಲ್ಲಿ ಆಡುವ ಹುಡುಗನಿಗೆ ಆ ಅನುಕೂಲ ಎಲ್ಲಿದೆ? ಸೀಸನ್ ಮುಗಿದರೆ ಅವನು ಮನೆ ಬಾಡಿಗೆಯ ಚಿಂತೆ ಮಾಡಬೇಕು.

ಆದರೆ ಒಂದು ವಿಷಯ ಯಾವ ಅಂಗಣಕ್ಕೂ ಹೊಂದುತ್ತದೆ. ಪ್ರತಿ ಸಲ ಬಾಗಿಲು ಮುಚ್ಚಿದಾಗ ಅವರು ತಮ್ಮ ಕೈಯಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಅಂತ ಬೇರೆ ಮಾಡಿ ನೋಡಿದರು. ಕರಾರಿನ ಮೊತ್ತ, ಸಂಬಳದ ಮಿತಿ, ಹುಟ್ಟಿದ ವರ್ಷ ಯಾವುದೂ ಅವರ ಕೈಯಲ್ಲಿ ಇರಲಿಲ್ಲ. ಪಾದ, ಮೊಣಕೈ, ಬೆಳಗಿನ ಓಟ ಕೈಯಲ್ಲಿದ್ದವು. ಮಕ್ಕಳಿಗೆ ಆಟ ಹೇಳಿಕೊಡುವವರು ಇದರಿಂದ ಒಂದು ಪಾಠ ತೆಗೆದುಕೊಳ್ಳಲಿ ಅನ್ನುವುದು ನನ್ನ ಬಯಕೆ. 14 ವರ್ಷದ ಹುಡುಗ ಎಷ್ಟು ಎತ್ತರ ಹಾರುತ್ತಾನೆ ಅಂತ ಅಳೆಯುವುದನ್ನು ಸ್ವಲ್ಪ ಕಡಿಮೆ ಮಾಡಿ, ಅವನ ಪಾದ ಎಲ್ಲಿ ಬೀಳುತ್ತದೆ ಅಂತ ನೋಡಿ. ಆ ಹುಡುಗ ಮುಂದೆ ಇಪ್ಪತ್ತು ವರ್ಷ ಆಡುವುದು ಆ ಪಾದದ ಮೇಲೆ.

ಕೊನೆಯ ಪಂದ್ಯ

2021ರ ಆಗಸ್ಟ್ 3. ಟೋಕಿಯೋ ಒಲಿಂಪಿಕ್ಸ್, ಸೈತಾಮಾದ ಅಂಗಣ, ಕ್ವಾರ್ಟರ್ ಫೈನಲ್. ಅರ್ಜೆಂಟೀನಾ ಹೀನಾಯವಾಗಿ ಸೋಲುತ್ತಿತ್ತು. ಮುಗಿದಾಗ ಆಸ್ಟ್ರೇಲಿಯಾ 97, ಅರ್ಜೆಂಟೀನಾ 59. ಕೋವಿಡ್ ಕಾರಣ ಸೀಟುಗಳೆಲ್ಲ ಖಾಲಿ.

ಪಂದ್ಯ ಮುಗಿಯಲು ಒಂದು ನಿಮಿಷದ ಆಸುಪಾಸು ಇದ್ದಾಗ ಕೋಚ್ ಅವರನ್ನು ಹೊರಗೆ ಕರೆದರು. ಆಟ ನಿಂತಿತು. ಗೆಲ್ಲುತ್ತಿದ್ದ ಆಸ್ಟ್ರೇಲಿಯಾದ ಆಟಗಾರರೂ ಚಪ್ಪಾಳೆ ತಟ್ಟತೊಡಗಿದರು. ಅಲ್ಲಿದ್ದ ಪತ್ರಕರ್ತರು, ಸಿಬ್ಬಂದಿ ಎದ್ದು ನಿಂತರು. ಅವರು ಬೆಂಚಿನ ಹತ್ತಿರ ಕೈ ಎತ್ತಿ ನಿಂತಿದ್ದರು, ಕಣ್ಣು ತುಂಬಿತ್ತು. 2004ರಲ್ಲಿ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದ ತಂಡದ ಹುಡುಗರು ಒಬ್ಬೊಬ್ಬರಾಗಿ ಬಂದು ತಬ್ಬಿಕೊಂಡರು. ಆಮೇಲೆ ರೆಫರಿ ಚೆಂಡು ಕೈಗೆತ್ತಿಕೊಂಡರು, ಉಳಿದ ಸೆಕೆಂಡುಗಳ ಆಟ ಮುಂದುವರಿಯಿತು.